ಅಂಗೈ ಮೇಲಿನ ಸೊನ್ನೆಯಿಂದ ಅಂಕಪಟ್ಟಿಯವರೆಗೆ

"ನಾಳೆ ರಿಸಲ್ಟಂತೆ" ಎಂಬ ಮಾತು ಕಿವಿಗೆ ಬಿದ್ದ ಸಂಜೆಯಿಂದಲೇ ಹತ್ತನೇ ತರಗತಿಯ ಮಗುವಿರುವ ಮನೆಯ ಲಯ ಬದಲಾಗುತ್ತದೆ. ತಿಂಗಳಿಂದ ಯಾರೂ ಮುಟ್ಟದಿದ್ದ ಪ್ರವೇಶಪತ್ರಕ್ಕಾಗಿ ಬೀರು, ಪುಸ್ತಕದ ಗೂಡು, ಕೊನೆಗೆ ದೇವರ ಪಟದ ಹಿಂದೆ ಕೂಡ ಹುಡುಕಾಟ ನಡೆಯುತ್ತದೆ. ಅಜ್ಜಿ ಊರ ಗಣಪತಿಗೆ ಈಡುಗಾಯಿ ಹೇಳಿಕೊಂಡಿದ್ದಾರೆ. ತಾಯಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ನೋಡುತ್ತಾರೆ, ಪಾಯಸಕ್ಕೆ ಸಾಕಾದೀತೆ ಎಂದು ಬಾಯಿಬಿಟ್ಟು ಕೇಳಲು ಹೆದರಿ ಮತ್ತೆ ಮುಚ್ಚುತ್ತಾರೆ. ತಂದೆ ಪತ್ರಿಕೆ ಓದುತ್ತಿದ್ದಾರೆ, ಅರ್ಧ ಗಂಟೆಯಿಂದ ಒಂದೇ ಪುಟವನ್ನು. ಪರೀಕ್ಷೆ ಬರೆದ ಮಗು ಮಾತ್ರ ಏನೂ ಆಗಿಲ್ಲವೆಂಬಂತೆ ಟೀವಿಯ ಮುಂದೆ ಕುಳಿತಿರುತ್ತದೆ. ಟೀವಿಯಲ್ಲಿ ಏನು ಬರುತ್ತಿದೆ ಎಂದು ಕೇಳಿದರೆ ಹೇಳಲಾರದು.

ಪರೀಕ್ಷೆಗೆ ಹೇಗೆ ಸಿದ್ಧರಾಗಬೇಕೆಂದು ಹೇಳಿಕೊಡಲು ಮಾರ್ಗದರ್ಶಿ ಪುಸ್ತಕಗಳುಂಟು, ಟ್ಯೂಷನ್ ಮೇಷ್ಟ್ರುಗಳುಂಟು. ಫಲಿತಾಂಶಕ್ಕೆ ಹೇಗೆ ಸಿದ್ಧರಾಗಬೇಕೆಂದು ಹೇಳಿಕೊಡುವವರು ಕಡಿಮೆ. ಹಣೆಬರಹದಂತೆ ಬಂದೆರಗುವ ಈ ದಿನವನ್ನು ಯಾರು, ಯಾವಾಗ, ಯಾತಕ್ಕಾಗಿ ಏರ್ಪಡಿಸಿದರು ಎಂಬುದನ್ನು ತಿಳಿದುಕೊಳ್ಳುವುದೂ ಆ ಸಿದ್ಧತೆಯ ಒಂದು ಭಾಗವಾಗಬಹುದು. ಏಕೆಂದರೆ ಈ ದಿನ ನಮ್ಮ ಸಂಸ್ಕೃತಿಯಷ್ಟು ಹಳೆಯದೇನಲ್ಲ. ಅದಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ.

ಅದಕ್ಕೂ ಮೊದಲು ನಮ್ಮ ಕಡೆಯ ಮಕ್ಕಳಿಗೆ ಫಲಿತಾಂಶವೇ ಇರಲಿಲ್ಲವೆಂದಲ್ಲ, ದಿನವೂ ಇತ್ತು! 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೊ ತನ್ನ ಪ್ರಾಂತ್ಯದ ಶಾಲೆಗಳ ಲೆಕ್ಕ ಕೊಡುವಂತೆ ಕಲೆಕ್ಟರುಗಳಿಗೆ ಆದೇಶ ಕಳುಹಿಸಿದ. ಮರುವರ್ಷ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಬರೆದ ವರದಿ ಇಂದಿಗೂ ಸಂಶೋಧಕರಿಗೆ ಅಕ್ಷಯಪಾತ್ರೆ. ಆಗಿನ ಬಳ್ಳಾರಿ ಜಿಲ್ಲೆಯೆಂದರೆ ಇಂದಿನ ಅನಂತಪುರವನ್ನೂ ಒಳಗೊಂಡ ದೊಡ್ಡ ಸೀಮೆ. ಅಲ್ಲಿ 533 ಶಾಲೆಗಳಿದ್ದವೆಂದು ಆತ ಲೆಕ್ಕ ಕೊಡುತ್ತಾನೆ. ಅವು ಕನ್ನಡ, ತೆಲುಗು, ಮರಾಠಿ ಕಲಿಸುವ, ನಾವು ಕೂಲಿಮಠಗಳೆಂದು ಕರೆಯುವ ಬಗೆಯ ಶಾಲೆಗಳು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಅಂಗೈಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಹೆಚ್ಚು.

ಇದನ್ನು ಓದಿ ಆ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡಬೇಕಾಗಿಲ್ಲ. ಕೊನೆಗೆ ಬಂದವನ ಅಂಗೈಯ ಗತಿ ಏನಾಗುತ್ತಿತ್ತೆಂದು ಊಹಿಸಿಕೊಳ್ಳಬಹುದು. ಅದೇ ವರದಿಯ ಪ್ರಕಾರ ಇಡೀ ಜಿಲ್ಲೆಯ 6,641 ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಬರೀ 60. ಆದರೆ ಒಂದು ಸಂಗತಿ ಗಮನಾರ್ಹ. ಅಂಗೈಯ ಸೊನ್ನೆ ಕೈತೊಳೆದರೆ ಹೋಗುತ್ತಿತ್ತು. ಇಂದು ಸೊನ್ನೆ ಪಡೆದವನು ನಾಳೆ ಕತ್ತಲೆಯಲ್ಲೇ ಎದ್ದು ಓಡಿದರೆ ಸರಸ್ವತಿಯೇ ಅವನ ಕೈಗೆ ಬರುತ್ತಿದ್ದಳು. ಬದುಕಿಡೀ ಜೊತೆಗೆ ಬರುವ ಕಾಗದವೊಂದು ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಆ ಕಾಗದ ಬಂದದ್ದು 1857ರ ನಂತರ. ಆ ವರ್ಷ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಆಗ ಅವು ಪಾಠ ಹೇಳುವ ಸಂಸ್ಥೆಗಳಾಗಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವುದಷ್ಟೇ ಅವುಗಳ ಕೆಲಸವಾಗಿತ್ತು. ಒಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ತೀರ್ಮಾನಿಸಲು ಬಾಗಿಲಲ್ಲಿ ಒಂದು ಪರೀಕ್ಷೆ ಬೇಕಾಯಿತು. ಅದೇ ಮೆಟ್ರಿಕ್ಯುಲೇಷನ್; ಕಲ್ಕತ್ತದವರು ಅದನ್ನು ನೇರವಾಗಿ ಪ್ರವೇಶ ಪರೀಕ್ಷೆಯೆಂದೇ ಕರೆದರು. 1857ರಲ್ಲಿ ಕಲ್ಕತ್ತದ ಮೊದಲ ಪರೀಕ್ಷೆಗೆ ಕುಳಿತವರು 244 ಮಂದಿ, ತೇರ್ಗಡೆಯಾದವರು 162. ಇಂದು ಕರ್ನಾಟಕದಲ್ಲಿ ಪ್ರತಿ ವರ್ಷ ಎಂಟು ಲಕ್ಷದಷ್ಟು ಮಕ್ಕಳು ಬರೆಯುವ ಪರೀಕ್ಷೆಯ ಮುತ್ತಜ್ಜ ಇದು.

ಆ ವಿಶ್ವವಿದ್ಯಾಲಯ ಮರುವರ್ಷ ನಡೆಸಿದ ಮೊದಲ ಬಿ.ಎ. ಪರೀಕ್ಷೆಯ ಕತೆ ಇನ್ನೂ ಸ್ವಾರಸ್ಯವಾಗಿದೆ. ನಿಯಮದ ಪ್ರಕಾರ ನೋಡಿದರೆ ಅದರಲ್ಲಿ ಒಬ್ಬರೂ ಪಾಸಾಗಲಿಲ್ಲ. ಇಬ್ಬರು ಮಾತ್ರ ಆರರಲ್ಲಿ ಐದು ವಿಷಯಗಳನ್ನು ದಾಟಿ, ಆರನೆಯದರಲ್ಲಿ ಏಳಕ್ಕಿಂತ ಹೆಚ್ಚಲ್ಲದ ಅಂಕಗಳಿಂದ ಮುಗ್ಗರಿಸಿದ್ದರು. ಹೊಸ ವಿಶ್ವವಿದ್ಯಾಲಯ ಒಬ್ಬ ಪದವೀಧರನನ್ನೂ ಕೊಡಲಿಲ್ಲವೆಂದರೆ ಮಾನ ಉಳಿದೀತೆ? ಸಿಂಡಿಕೇಟ್ ಸಭೆ ಸೇರಿ ಕೃಪಾಂಕ ಕೊಟ್ಟು ಇಬ್ಬರನ್ನೂ ದಡ ಸೇರಿಸಿತು. ಒಬ್ಬರು ಜದುನಾಥ ಬೋಸ್. ಇನ್ನೊಬ್ಬರು ಮುಂದೆ 'ಆನಂದಮಠ' ಬರೆದ ಬಂಕಿಮಚಂದ್ರ ಚಟ್ಟೋಪಾಧ್ಯಾಯ. ಪಾಸು ಫೇಲಿನ ಗೆರೆ ಮೇಜಿನ ಸುತ್ತ ಕುಳಿತ ಕೆಲವರು ಎಳೆಯುವುದು, ಬೇಕೆನಿಸಿದಾಗ ಸರಿಸುವುದು ಎಂಬುದಕ್ಕೆ ನಮ್ಮ ದೇಶದ ಪರೀಕ್ಷಾ ಚರಿತ್ರೆಯ ಮೊದಲ ಪುಟದಲ್ಲೇ ಸಾಕ್ಷಿಯಿದೆ.

ಕನ್ನಡನಾಡು ಆಗ ಹರಿದು ಹಂಚಿಹೋಗಿತ್ತು. ಮಕ್ಕಳ ಪರೀಕ್ಷೆಯೂ ಹಾಗೆಯೇ. ಮೈಸೂರು, ಕೊಡಗು, ಬಳ್ಳಾರಿ, ದಕ್ಷಿಣ ಕನ್ನಡದ ಹುಡುಗರು ಮದ್ರಾಸಿನ ಪರೀಕ್ಷೆ ಬರೆದರೆ, ಧಾರವಾಡ, ಬೆಳಗಾವಿ, ಕಾರವಾರದವರು ಬೊಂಬಾಯಿಯ ಪರೀಕ್ಷೆ ಬರೆದರು. ಮುಂದೆ 1916ರಲ್ಲಿ ಮೈಸೂರಿಗೂ 1918ರಲ್ಲಿ ಹೈದರಾಬಾದಿಗೂ ಸ್ವಂತ ವಿಶ್ವವಿದ್ಯಾಲಯಗಳು ಬಂದವು. ಮೆಟ್ರಿಕ್ ತನಕ ಹೋಗಲಾರದವರಿಗೆ ಕೆಳಗಿನ ಮೆಟ್ಟಿಲಲ್ಲೇ ಬೇರೆ ಪರೀಕ್ಷೆಗಳಿದ್ದವು: ಉತ್ತರದಲ್ಲಿ ಮುಲ್ಕಿ, ಹಳೆ ಮೈಸೂರಿನಲ್ಲಿ ಎಲ್.ಎಸ್. "ನಮ್ಮಜ್ಜ ಆ ಕಾಲದ ಮುಲ್ಕಿ ಪಾಸು" ಎಂದು ಹೇಳಿಕೊಳ್ಳುವ ಮನೆಗಳು ಧಾರವಾಡದ ಕಡೆ ಇಂದಿಗೂ ಸಿಗುತ್ತವೆ. ಆ ಅಜ್ಜ ಎಷ್ಟು ಅಂಕ ತೆಗೆದಿದ್ದರೆಂದು ಯಾರೂ ಕೇಳುವುದಿಲ್ಲ.

ಒಂದು ಬಾಗಿಲ ಪರೀಕ್ಷೆ ಇಡೀ ಬದುಕಿನ ಪರೀಕ್ಷೆಯಾದದ್ದು ಹೇಗೆ? ಸರ್ಕಾರಿ ಕಚೇರಿಗಳು ಗುಮಾಸ್ತರನ್ನು ಆರಿಸಲು ಈ ಪರೀಕ್ಷೆಯನ್ನೇ ಅಳತೆಗೋಲಾಗಿ ಹಿಡಿದವು. ಕಾಲೇಜಿಗೆ ಹೋಗಲು ಮನಸ್ಸಿಲ್ಲದವನಿಗೂ, ಹೋಗುವ ಅನುಕೂಲವಿಲ್ಲದವನಿಗೂ ಮೆಟ್ರಿಕ್ ಬೇಕಾಯಿತು. ಎಷ್ಟರಮಟ್ಟಿಗೆ ಎಂದರೆ, ಅದರಲ್ಲಿ ಸೋತದ್ದೂ ಒಂದು ಅರ್ಹತೆಯಾಯಿತು. 'ಮೆಟ್ರಿಕ್ ಫೇಲ್' ಎಂದು ಹೆಸರಿನ ಮುಂದೆ ಬರೆದುಕೊಳ್ಳುವುದನ್ನು ಇಂದು ಹಾಸ್ಯವೆಂದು ನಗುತ್ತೇವೆ. ಅಷ್ಟು ದೂರವಾದರೂ ಹೋಗಿ ಬಂದವನು ಎಂಬುದಕ್ಕೆ ಅದು ಆಗ ಪ್ರಮಾಣವಾಗಿತ್ತು. 1882ರ ಹಂಟರ್ ಆಯೋಗ ಈ ಅನಾಹುತವನ್ನು ಕಂಡು, ವಿಶ್ವವಿದ್ಯಾಲಯಕ್ಕೆ ಹೋಗದ ಮಕ್ಕಳಿಗೆ ವ್ಯವಹಾರಕ್ಕೆ ಒದಗುವ ಬೇರೊಂದು ಶಿಕ್ಷಣಕ್ರಮ ಬೇಕೆಂದು ಸೂಚಿಸಿತ್ತು. ಜನ ಒಪ್ಪಲಿಲ್ಲ. ಮೆಟ್ರಿಕ್ ಎಂದರೆ ಮೆಟ್ರಿಕ್ಕೇ.

ಮದ್ರಾಸ್ ಪ್ರಾಂತ್ಯದಲ್ಲಿ 20ನೇ ಶತಮಾನದ ಮೊದಲ ದಶಕ ಮುಗಿಯುವ ಹೊತ್ತಿಗೆ ಇನ್ನೊಂದು ಪ್ರಯತ್ನ ನಡೆಯಿತು. ಅದರ ಹೆಸರು ನಮಗೆಲ್ಲ ಗೊತ್ತು, ಅದರ ಅರ್ಥ ಮರೆತಿದ್ದೇವೆ. ಎಸ್ಎಸ್ಎಲ್‌ಸಿ ಎಂದರೆ ಪ್ರೌಢಶಾಲೆ ಮುಗಿಸಿ ಹೋಗುವವನ ಕೈಗೆ ಕೊಡುವ ಪತ್ರ. ಆ ಹೆಸರಿನಲ್ಲಿ ಗೆಲುವಿನ ಮಾತಿಲ್ಲ, ಸೋಲಿನ ಮಾತೂ ಇಲ್ಲ. ಮೂಲ ಯೋಜನೆಯೂ ಹಾಗೆಯೇ ಇತ್ತು. ಅದೊಂದು ಚಿಕ್ಕ ಪುಸ್ತಕ. ಹುಡುಗ ಶಾಲೆಯಲ್ಲಿ ವರ್ಷಗಟ್ಟಲೆ ಗಳಿಸಿದ ಅಂಕಗಳೂ ಸಾರ್ವಜನಿಕ ಪರೀಕ್ಷೆಯ ಅಂಕಗಳೂ ಅದರಲ್ಲಿ ಅಕ್ಕಪಕ್ಕ ಇರುತ್ತಿದ್ದವು. ಅದನ್ನು ನೋಡಿ ಕಾಲೇಜಿಗೆ ಯಾರು ಬೇಕು, ಕಚೇರಿಗೆ ಯಾರು ಬೇಕು ಎಂದು ಆಯಾ ಸಂಸ್ಥೆಯವರು ತೀರ್ಮಾನಿಸಿಕೊಳ್ಳಲಿ, ಒಂದೇ ಏಟಿಗೆ ಪಾಸು ಫೇಲು ಎಂದು ಸಾರುವುದು ಬೇಡ ಎಂಬುದು ಅದರ ಹಿಂದಿನ ವಿವೇಕ. ಅದು ಬಹಳ ಕಾಲ ನಿಲ್ಲಲಿಲ್ಲ. ಕಾಲೇಜು ಒಂದು ಗೆರೆ ಕೇಳಿತು, ಕಚೇರಿ ಒಂದು ಗೆರೆ ಕೇಳಿತು. ನನಗನಿಸುವಂತೆ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದ್ದು ಮನೆ. "ಅದೆಲ್ಲ ಇರಲಿ, ಪಾಸೋ ಫೇಲೋ ಹೇಳು" ಎನ್ನುವ ದನಿ ಯಾವ ಶಿಕ್ಷಣ ಇಲಾಖೆಯದೂ ಅಲ್ಲ.

ಈ ಪುಸ್ತಕವನ್ನು ಕಾದಂಬರಿಯಲ್ಲಿ ಅಮರಗೊಳಿಸಿದವರು ಮೈಸೂರಿನ ಆರ್.ಕೆ. ನಾರಾಯಣ್. 1952ರ 'ದಿ ಫೈನಾನ್ಷಿಯಲ್ ಎಕ್ಸ್‌ಪರ್ಟ್'ನಲ್ಲಿ ಹಣವಂತ ಮಾರ್ಗಯ್ಯನ ಮಗ ಬಾಲು ಪರೀಕ್ಷೆಯಲ್ಲಿ ಸೋತು, ತನ್ನ ಎಸ್ಎಸ್ಎಲ್‌ಸಿ ಪುಸ್ತಕವನ್ನು ಹರಿದು ಚರಂಡಿಗೆ ಎಸೆಯುತ್ತಾನೆ. ಕಲ್ಪನೆಯಿಂದಷ್ಟೇ ಬರೆದದ್ದಲ್ಲ. ನಾರಾಯಣರ ತಂದೆ ಮೈಸೂರಿನ ಮಹಾರಾಜ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಆ ಮನೆಯ ಹುಡುಗನೇ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲಿ ಕುಳಿತು ಸಿಕ್ಕಿದ್ದನ್ನೆಲ್ಲ ಓದಿದ.

ಹೀಗೆ ಹೇಳುತ್ತಾ ಹೋದರೆ ಪಟ್ಟಿ ದೊಡ್ಡದಾಗುತ್ತದೆ. ಡಿವಿಜಿ ಮೆಟ್ರಿಕ್ ದಾಟಲಿಲ್ಲ, ಮೈಸೂರು ವಿಶ್ವವಿದ್ಯಾಲಯ ಅವರಿಗೆ ಡಿ.ಲಿಟ್. ಕೊಟ್ಟು ಗೌರವಿಸಿತು. ಶ್ರೀನಿವಾಸ ರಾಮಾನುಜನ್ 1903ರಲ್ಲಿ ಮೆಟ್ರಿಕ್ ಪಾಸಾದರೂ ಗಣಿತವನ್ನೇ ಹಿಡಿದು ಕುಳಿತು ಉಳಿದ ವಿಷಯಗಳಲ್ಲಿ ಎಡವಿ ಎಫ್.ಎ. ಮುಗಿಸಲಿಲ್ಲ. ಆದರೆ ಫಲಿತಾಂಶದ ದಿನ ಇಂಥ ಕತೆಗಳನ್ನು ಮಗುವಿನ ಮುಂದೆ ಬಿಚ್ಚುವ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ನನ್ನದೊಂದು ಬಿನ್ನಹ. ಗಣಿತದಲ್ಲಿ 27 ಬಂದಿರುವ ಮಗುವಿಗೆ ರಾಮಾನುಜನ್ ಉದಾಹರಣೆ ಸಮಾಧಾನ ತರುವುದಿಲ್ಲ. ಫೇಲಾದ ಮೇಲೆ ಮಹಾಪುರುಷನೂ ಆಗಬೇಕೆಂಬ ಇನ್ನೊಂದು ಹೊರೆ ತಲೆಯ ಮೇಲೆ ಬೀಳುತ್ತದೆ.

ಅದರ ಬದಲು ಸಾಮಾನ್ಯವಾಗಿ ಪಾಸಾದ ಒಬ್ಬರ ಅಂಕಪಟ್ಟಿ ನೋಡೋಣ. 1887ರಲ್ಲಿ ಕಾಠಿಯಾವಾಡದ ಹುಡುಗನೊಬ್ಬ ಬೊಂಬಾಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಬರೆದ. ಬೊಂಬಾಯಿಗೆ ಹೋಗಲು ಖರ್ಚು ಹೆಚ್ಚೆಂದು ಅಹಮದಾಬಾದ್ ಕೇಂದ್ರವನ್ನು ಆರಿಸಿಕೊಂಡಿದ್ದ. ಇಂಗ್ಲಿಷಿನಲ್ಲಿ 200ಕ್ಕೆ 89, ಗುಜರಾತಿಯಲ್ಲಿ 100ಕ್ಕೆ 45.5, ಗಣಿತದಲ್ಲಿ 175ಕ್ಕೆ 59, ಸಾಮಾನ್ಯಜ್ಞಾನದಲ್ಲಿ 150ಕ್ಕೆ 54. ಒಟ್ಟು 247.5. ಸ್ಥಾನ 404ನೆಯದು. ಹುಡುಗನ ಹೆಸರು ಮೋಹನದಾಸ ಕರಮಚಂದ ಗಾಂಧಿ. ಆಮೇಲೆ ಸೇರಿದ ಭಾವನಗರದ ಕಾಲೇಜನ್ನು ಒಂದು ಅವಧಿ ಮುಗಿಸಿ ಬಿಟ್ಟುಬಂದರು. ಲಂಡನ್ನಿಗೆ ಹೋಗಿ ಅಲ್ಲಿನ ಮೆಟ್ರಿಕ್ಕಿಗೆ ಕುಳಿತಾಗ ಲ್ಯಾಟಿನ್ನಿನಲ್ಲಿ ಫೇಲಾಗಿ ಮತ್ತೊಮ್ಮೆ ಬರೆದರು.

ಓದುಗರು ಮೇಲಿನ ಗರಿಷ್ಠ ಅಂಕಗಳನ್ನು ಕೂಡಿ ನೋಡಬೇಕು. 200, 100, 175, 150: ಒಟ್ಟು 625. ಮೊದಲ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು ಎಂದು ನಮ್ಮ ಮಕ್ಕಳು ವರ್ಷಗಟ್ಟಲೆ ಬೆರಳು ಮಡಿಸಿ ಕೂಡಿಕೊಂಡು ಬಂದದ್ದೂ ಅದೇ 625! ಇದು ಕಾಕತಾಳೀಯ ಇರಬೇಕು, ಆದರೆ ಲೆಕ್ಕ ಹಾಕಲು ಅನುಕೂಲ. ಗಾಂಧೀಜಿಯವರ ಗಣಿತದ ಅಂಕ ನೂರಕ್ಕೆ 33.7 ಆಗುತ್ತದೆ. ಪ್ರತಿ ವಿಷಯದಲ್ಲೂ 35 ಬೇಕೆಂಬ, ನಾವೆಲ್ಲ ಬೆಳೆದ ಕಾಲದ ನಿಯಮದಲ್ಲಿ ಅವರು ಫೇಲು. 2025ರ ಅಕ್ಟೋಬರಿನಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ, ಒಟ್ಟಾರೆ ಶೇಕಡಾ 33 ಮತ್ತು ವಿಷಯವೊಂದಕ್ಕೆ ಕನಿಷ್ಠ 30 ಎಂಬ ನಿಯಮದಲ್ಲಿ ಪಾಸು. ಉತ್ತರಪತ್ರಿಕೆ ಅದೇ, ಹುಡುಗ ಅದೇ.

ಗೆರೆ ಸರಿದದ್ದು ಇದೊಂದೇ ಸಲವಲ್ಲ. 2021ರಲ್ಲಿ ಕೋವಿಡ್ ಕಾರಣ ಎರಡೇ ದಿನದಲ್ಲಿ ಪರೀಕ್ಷೆ ಮುಗಿಸಿದಾಗ ರಾಜ್ಯದಲ್ಲಿ ಹೆಚ್ಚುಕಡಿಮೆ ಎಲ್ಲರೂ ತೇರ್ಗಡೆಯಾದರು. ತನ್ನ ಬದಲು ಬೇರೆಯವರನ್ನು ಕೂರಿಸಿ ಬರೆಸಿದ ಒಂದೇ ಒಂದು ಪ್ರಕರಣ ಮಾತ್ರ ಹೊರಗುಳಿಯಿತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ಬಿಗಿ ಮಾಡಿದರು. ಫಲಿತಾಂಶ ಕುಸಿಯುವುದು ಕಂಡಾಗ ಕೃಪಾಂಕ ಪಡೆಯಲು ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿ, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದರು. ಆಗಲೂ ಹಿಂದಿನ ವರ್ಷ 83.89 ಇದ್ದದ್ದು 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಹತ್ತು ಅಂಶ ಕಡಿಮೆಯಾಯಿತೆಂದು ಯಾರೂ ಹೇಳಲಾರರು. ಕಲ್ಕತ್ತದ ಸಿಂಡಿಕೇಟ್ ಬಂಕಿಮಚಂದ್ರರಿಗೆ ಮಾಡಿದ್ದನ್ನೇ ನಮ್ಮವರೂ ಮಾಡಿದರು, ಲಕ್ಷದ ಲೆಕ್ಕದಲ್ಲಿ.

ಸುದ್ದಿ ಮನೆ ಮುಟ್ಟುವ ಬಗೆಯೂ ಬದಲಾಗಿದೆ. ಒಂದು ಕಾಲದಲ್ಲಿ ಗೆಜೆಟ್ಟು, ಆಮೇಲೆ ಪತ್ರಿಕೆಗಳು. ಇರುವೆ ಸಾಲಿನಂಥ ನೋಂದಣಿ ಸಂಖ್ಯೆಗಳ ಮೇಲೆ ಬೆರಳಿಟ್ಟು ಹುಡುಕುತ್ತಿದ್ದ ದಿನಗಳು ಹಳಬರಿಗೆ ನೆನಪಿರಬಹುದು. ಫೇಲಾದವರ ಸಂಖ್ಯೆಯನ್ನು ಯಾರೂ ಅಚ್ಚು ಹಾಕುತ್ತಿರಲಿಲ್ಲ. ಎರಡು ಸಂಖ್ಯೆಗಳ ನಡುವೆ ಜಿಗಿತವಿದ್ದರೆ ಅಷ್ಟೇ ಸುದ್ದಿ. ದೂರದ ಊರಿನ ನೆಂಟರಿಗೆ ತಂತಿ ಕೊಡಬೇಕೆಂದರೆ ಅಂಚೆಯವರ ಬಳಿ ಸಿದ್ಧ ಶುಭಾಶಯಗಳ ಪಟ್ಟಿಯಿತ್ತು. ದೀಪಾವಳಿಗೊಂದು, ಮದುವೆಗೊಂದು ಇದ್ದಂತೆ ಪರೀಕ್ಷೆ ಪಾಸಾದವರಿಗೂ ಒಂದು ವಾಕ್ಯ. ಸಂಖ್ಯೆ ಹೇಳಿದರೆ ಸಾಕು, ಪೂರ್ತಿ ವಾಕ್ಯ ಮನೆಗೆ ಹೋಗುತ್ತಿತ್ತು. ಫೇಲಾದವರಿಗೆ ಸಿದ್ಧವಾಕ್ಯ ಇರಲಿಲ್ಲ. 2013ರ ಜುಲೈನಲ್ಲಿ ತಂತಿಯೇ ನಿಂತುಹೋಯಿತು. ಈಗ ಫಲಿತಾಂಶ ಅಂಗೈಯ ಫೋನಿಗೇ ಬಂದು ಬೀಳುತ್ತದೆ. ಮಗು ನೋಡುವ ಮೊದಲೇ ಅದರ ನೋಂದಣಿ ಸಂಖ್ಯೆ, ಹುಟ್ಟಿದ ದಿನ ಗೊತ್ತಿದ್ದ ನೆಂಟರು ನೋಡಿ ಫೋನು ಮಾಡುವುದೂ ಉಂಟು. ಶಾಲೆಯ ಸೂಚನಾ ಫಲಕದ ಮುಂದೆ ನಿಂತಾಗ ಅಳುವ ಹುಡುಗನ ಹೆಗಲಿಗೆ ಕೈಹಾಕಲು ಇನ್ನೊಬ್ಬ ಅಳುವ ಹುಡುಗನಾದರೂ ಪಕ್ಕದಲ್ಲಿ ಇರುತ್ತಿದ್ದ. ಈಗ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ನೋಡುತ್ತಾರೆ.

ಇಲ್ಲಿ ತಮಾಷೆ ನಿಲ್ಲಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13,044. ಎಲ್ಲಕ್ಕೂ ಪರೀಕ್ಷೆಯೇ ಕಾರಣವಲ್ಲ, ಒಂದು ಸಾವಿಗೆ ಒಂದೇ ಕಾರಣವೂ ಇರುವುದಿಲ್ಲ. ಆದರೆ ಫಲಿತಾಂಶದ ವಾರದ ಪತ್ರಿಕೆಯ ಒಳಪುಟಗಳನ್ನು ನೋಡುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶದ ಬೆನ್ನಿಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಹೋದರು. ಅಂಕಗಳನ್ನು ದಾಖಲಿಸುವುದರಲ್ಲೇ ಲೋಪಗಳಾಗಿದ್ದವೆಂದು ಆಮೇಲೆ ತಿಳಿಯಿತು. ತೆಲುಗಿನಲ್ಲಿ ಸೊನ್ನೆ ಬಂದಿದ್ದ ಒಬ್ಬ ಹುಡುಗಿಯ ನಿಜವಾದ ಅಂಕ 99.

ಆದ್ದರಿಂದ ಹಿಂದಿನ ಸಂಜೆ ಮನೆಯ ದೊಡ್ಡವರು ತಿಳಿದಿಟ್ಟುಕೊಳ್ಳಬೇಕಾದ ಸಂಗತಿಗಳು ಕೆಲವಿವೆ. ಅಂಕ ಅನುಮಾನವೆನಿಸಿದರೆ ಉತ್ತರಪತ್ರಿಕೆಯ ನಕಲು ಕೇಳಬಹುದು; ವಿದ್ಯಾರ್ಥಿಗೆ ತನ್ನ ಉತ್ತರಪತ್ರಿಕೆ ನೋಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಮರುಎಣಿಕೆ, ಮರುಮೌಲ್ಯಮಾಪನಗಳಿಗೆ ಅರ್ಜಿ ಹಾಕುವ ಗಡುವು ಚಿಕ್ಕದು, ದಿನಾಂಕ ಮೊದಲೇ ಗುರುತು ಹಾಕಿಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಏರ್ಪಾಡು ಬಂದಿದೆ. ಮೊದಲನೆಯದರಲ್ಲಿ ಎಡವಿದವರು ವಾರಗಳಲ್ಲೇ ಮತ್ತೆ ಬರೆಯಬಹುದು. ಮಗು ಊಟ ಬಿಟ್ಟು, ಮಾತು ಬಿಟ್ಟು, ತಾನಿದ್ದು ಏನು ಪ್ರಯೋಜನ ಎನ್ನುವಂಥ ಮಾತಾಡಿದರೆ ಒಂಟಿಯಾಗಿ ಬಿಡದೆ ಜೊತೆಯಲ್ಲೇ ಇರಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ನೆಂಟರ ಫೋನಿಗೆ ಮಗುವಿನ ಬದಲು ಯಾರು ಉತ್ತರಿಸುವುದು ಎಂಬುದನ್ನೂ ತೀರ್ಮಾನಿಸಿಕೊಂಡರೆ ಒಳ್ಳೆಯದು. ಇದು ಸಣ್ಣ ಸಂಗತಿಯಲ್ಲ.

ಬಹಳ ವರ್ಷಗಳ ಹಿಂದೆ ನಮ್ಮ ನೆರೆಮನೆಯ ಹುಡುಗಿಗೆ ಗಣಿತದಲ್ಲಿ 29 ಬಂತು. ಉತ್ತರಪತ್ರಿಕೆಯ ಒಳಪುಟದ ಅಂಕಗಳನ್ನು ಮುಂದಿನ ಪುಟಕ್ಕೆ ತರುವಾಗ ಯಾರೋ ಒಂದು ಪುಟ ಬಿಟ್ಟಿದ್ದರು. ಮರುಎಣಿಕೆಯಲ್ಲಿ 41 ಆಗಿ ತಿದ್ದುಪಡಿಯ ಪತ್ರ ಬರುವಷ್ಟರಲ್ಲಿ ಕಾಲೇಜಿನ ಪ್ರವೇಶ ಮುಗಿದು, ಒಂದು ವರ್ಷ ಮನೆಯಲ್ಲೇ ಕಳೆಯಿತು. ಆ ಎರಡು ತಿಂಗಳು ಅವಳ ತಂದೆ ಅವಳೊಂದಿಗೆ ಮಾತಾಡಿರಲಿಲ್ಲ. ಪತ್ರ ಬಂದ ದಿನ ಏನು ಮಾತಾಡಬೇಕೆಂದು ತಿಳಿಯದೆ ಪೇಟೆಗೆ ಹೋಗಿ ಅರ್ಧ ಕಿಲೋ ಪೇಡ ತಂದು ಅವಳ ಮುಂದಿಟ್ಟು ಹೊರಗೆ ಹೋದರು. ಆಕೆ ಈಗ ಎರಡೂ ಅಂಕಪಟ್ಟಿಗಳನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಕಳೆದ ಸಲ ಅವರ ಮಗ ಹತ್ತನೇ ತರಗತಿ ಬರೆದಿದ್ದ. ಫಲಿತಾಂಶ ನಾಳೆ ಎಂದು ಟೀವಿಯಲ್ಲಿ ಬಂದ ಸಂಜೆ ಆಕೆ ಸಕ್ಕರೆ ಡಬ್ಬಿ ತೆಗೆದು, ಶ್ಯಾವಿಗೆ ಹುರಿದು, ಆ ರಾತ್ರಿಯೇ ಪಾಯಸ ಮಾಡಿ ಬಡಿಸಿದರಂತೆ. "ನಾಳೆ ಮಾಡಬಾರದಾಗಿತ್ತೇ?" ಎಂದು ಅವರ ಅತ್ತೆ ಕೇಳಿದ್ದಕ್ಕೆ, "ಹಾಲು ಇವತ್ತು ಹೆಚ್ಚಿತ್ತು ಅತ್ತೆ" ಎಂದರಂತೆ.